ಆರೋಪಿಗೆ ಸುಳ್ಳು ಹೇಳುವ ಹಕ್ಕು

ನನ್ನ ಗಂಡ ಮನುಷ್ಯನಿಗೆ ಗಾಡಿ ಗುದ್ದಿ ಓಡಿಹೋದ ಎಂದವರ ಜೊತೆಯೆಲ್ಲ ಒಂದೂವರೆ ವರ್ಷ ಜಗಳವಾಡಿದೆ. ಬೇಕರಿಯಲ್ಲಿ ಆಡಿದೆ, ಚರ್ಚಿನ ಮೆಟ್ಟಿಲ ಮೇಲೆ ಆಡಿದೆ, ತರಕಾರಿ ಮಾರುವ ಪಿಯೆರಿನಾಳ ಕೈಯಲ್ಲಿದ್ದ ಏಪ್ರಿಕಾಟ್ ಬುಟ್ಟಿಯನ್ನು ಕಿತ್ತು ಬೀದಿಗೆ ಸುರಿದೆ. ಗುದ್ದಿದ್ದು ನಿಜ. ನೇನೊ ಅದನ್ನು ಮೊದಲ ದಿನವೇ ಒಪ್ಪಿಕೊಂಡಿದ್ದ. ಅವನ ಪೂರ್ತಿ ಹೆಸರು ನಜ್ಜರೇನೊ, ಹಾಗೆ ಕರೆಯುವವರು ಪಾದ್ರಿ ಮತ್ತು ಪೊಲೀಸರು ಮಾತ್ರ. ಓಡಿಹೋದ ಅನ್ನುವುದು ಸುಳ್ಳು. ಗುದ್ದಿದ್ದೇ ಗೊತ್ತಾಗಲಿಲ್ಲ, ಚಕ್ರ ಗುಂಡಿಗೆ ಬಿತ್ತು ಅಂದುಕೊಂಡೆ ಎಂದು ಅವನು ಹೇಳಿದ್ದ, ನಾನು ನಂಬಿದ್ದೆ. ಅವನು ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವನು. ಮೂರು ಚಕ್ರದ ಗಾಡಿಯ ಹಿಂದೆ ಆ ಸಿಲಿಂಡರುಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದಿನಲ್ಲಿ ಪಕ್ಕದ ಗೋಡೆ ಕುಸಿದರೂ ಕೇಳಿಸುವುದಿಲ್ಲ.

ಗುದ್ದಿಸಿಕೊಂಡವನು ಸೆಸ್ತೀಲಿಯೊ. ಗಾರೆ ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ, ಭಾನುವಾರ ನೇನೊ ಜೊತೆ ಇಸ್ಪೀಟಿಗೆ ಕೂರುವವನು. ನವೆಂಬರ್ ಮಂಜಿನಲ್ಲಿ, ಸ್ಮಶಾನದ ಕೆಳಗಿನ ತಿರುವಿನಲ್ಲಿ ಬಿದ್ದ. ಕಾಲು ಮುರಿಯಿತು, ಕೂಡಿಕೊಂಡಾಗ ಒಂದು ಕಾಲು ಗಿಡ್ಡವಾಯಿತು. ಬೋರಲಾಗಿ ಬಿದ್ದಿದ್ದೆ, ಏನೂ ನೋಡಲಿಲ್ಲ ಎಂದೇ ಅವನು ಎಲ್ಲರಿಗೂ ಹೇಳಿದ. ಆದರೆ ಆ ತಿರುವಿನ ಮೇಲಿನ ಮನೆಯಲ್ಲಿದ್ದ ಅವನ ತಂಗಿ ಪಿಯೆರಿನಾ ಕಿಟಕಿಯಿಂದ ನೋಡಿದೆ ಅಂದಳು. ಗಾಡಿ ನಿಂತಿತಂತೆ, ಬಾಗಿಲು ತೆರೆಯಿತಂತೆ, ಇಳಿದವರ ಎರಡು ಕಾಲು ರಸ್ತೆ ಮೇಲೆ ಕಂಡವಂತೆ, ಆಮೇಲೆ ಗಾಡಿ ಹೋಯಿತಂತೆ. ಏಪ್ರಿಕಾಟ್ ಚೆಲ್ಲಿದ್ದು ಆ ಎರಡು ಕಾಲುಗಳಿಗಾಗಿ.

ಇಡೀ ಕೇಸು ನಿಂತಿದ್ದು ಅಷ್ಟರ ಮೇಲೆ. ಗೊತ್ತಾಗದೆ ಹೋಗಿದ್ದರೆ ಕೆಲವು ತಿಂಗಳು ಲೈಸೆನ್ಸು ಹೋಗುತ್ತದೆ, ಮತ್ತೆ ಬರುತ್ತದೆ. ಗೊತ್ತಿದ್ದೂ ಬಿಟ್ಟುಹೋಗಿದ್ದರೆ ಜೈಲಿನ ಮಾತು, ಲೈಸೆನ್ಸು ವರ್ಷಗಟ್ಟಲೆ ಇಲ್ಲ, ಸಿಲಿಂಡರ್ ಕೆಲಸ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತೂ ಇತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಗೊತ್ತಿದ್ದೂ ಬಿಟ್ಟುಹೋಗಿದ್ದರೆ ನಾನು ಯಾರ ಜೊತೆ ಸಂಸಾರ ಮಾಡುತ್ತಿದ್ದೇನೆ?

ಇಟಲಿಯ ಈ ನಮ್ಮೂರಿಗೆ ಪ್ರತಿ ಜುಲೈ ಅಮೆರಿಕದ ಒಂದು ಕಾನೂನು ಕಾಲೇಜಿನ ಮಕ್ಕಳು ಬರುತ್ತಾರೆ. ಸನ್ಯಾಸಿನಿಯರು ಬಿಟ್ಟುಹೋದ ಹಳೇ ಮಠದಲ್ಲಿ ಕೆಲವು ವಾರ ಪಾಠ, ಮಧ್ಯಾಹ್ನ ಚೌಕದಲ್ಲಿ ಐಸ್‌ಕ್ರೀಮು, ಆಮೇಲೆ ಊರು ಮತ್ತೆ ನಮ್ಮದು. ಮಹಡಿಯ ಕೋಣೆಯನ್ನು ನಾನು ಬಾಡಿಗೆಗೆ ಕೊಡುತ್ತೇನೆ. ಆ ವರ್ಷ ಬಂದವಳು ಬ್ರೆನ್ನಾ. ನೆಬ್ರಾಸ್ಕಾ ಕಡೆಯವಳು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ಮೆತ್ತಗೆ. ತಮ್ಮ ಕಡೆಯ ಕ್ರಿಮಿನಲ್ ನ್ಯಾಯಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ ಅನ್ನುವುದು ಅವಳ ಪಾಠ. ಅವತ್ತು ಕಲಿತದ್ದನ್ನು ಅವತ್ತೇ ರಾತ್ರಿ ಊಟಕ್ಕೆ ಕೂತಾಗ ನಮಗೆ ಹೇಳುತ್ತಿದ್ದಳು. ಅವಳ ಇಟಾಲಿಯನ್ ಭಾಷೆಯನ್ನು ಅಷ್ಟು ಹೊತ್ತು ಕೇಳುವ ತಾಳ್ಮೆ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ನೇನೊಗೆ ಇತ್ತು.

ಒಂದು ರಾತ್ರಿ ಮೊಲದ ಅಡುಗೆ ಮಾಡಿದ್ದೆ, ಕಾಡು ಸೋಂಪು ತುಂಬಿ. ಬ್ರೆನ್ನಾ ಮಾಂಸವನ್ನು ತಟ್ಟೆಯ ಅಂಚಿಗೆ ಸರಿಸಿ ಆಲೂಗಡ್ಡೆ ತಿನ್ನುತ್ತಾ, ಇವತ್ತು ತರಗತಿಯಲ್ಲಿ ಎಲ್ಲರೂ ಬೆಚ್ಚಿಬಿದ್ದರು ಅಂದಳು. ಅವರ ದೇಶದಲ್ಲಿ ಆರೋಪಿ ಸಾಕ್ಷಿ ಹೇಳಲು ಕೂತರೆ ಪ್ರಮಾಣ ಮಾಡಲೇಬೇಕು, ಸುಳ್ಳು ಹೇಳಿದರೆ ಅದೇ ಇನ್ನೊಂದು ಅಪರಾಧ. ನಮ್ಮಲ್ಲಿ ಹಾಗಲ್ಲವಂತೆ. ಸಾಕ್ಷಿಗಳು ಸತ್ಯ ಹೇಳಬೇಕು, ಆರೋಪಿ ಮಾತ್ರ ಪ್ರಮಾಣ ಮಾಡುವುದೇ ಇಲ್ಲ, ತನ್ನನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಹೇಳಬಹುದು.

ನೇನೊ ಫೋರ್ಕು ಕೆಳಗಿಟ್ಟ. ಜಡ್ಜಿನ ಮುಖಕ್ಕೇ ಹೇಳಬಹುದಾ ಎಂದು ಕೇಳಿದ. ಮುಖಕ್ಕೇ ಹೇಳಬಹುದು ಎಂದಳು ಹುಡುಗಿ. ಹಾಗಾದರೆ ಹೆಂಡತಿ? ಅಂದ. ಹೆಂಡತಿಯನ್ನು ಸಾಕ್ಷಿಗೆ ಕರೆದರೂ ಅವಳು ಮಾತಾಡಬೇಕಿಲ್ಲ, ಸುಮ್ಮನಿರುತ್ತೇನೆ ಅನ್ನಬಹುದು, ಯಾರೂ ಬಲವಂತ ಮಾಡುವಂತಿಲ್ಲ ಎಂದಳು.

ನೇನೊ ನನ್ನ ಕಡೆ ನೋಡಿ, "ಆ ಕಾನೂನು ಮಾಡ್ದೋನು ನಿನ್ನ ನೋಡಿಲ್ಲ ಬಿಡು" ಅಂದ.

ಮೂವರೂ ನಕ್ಕೆವು. ನಾನೇ ಹೆಚ್ಚು ನಕ್ಕೆ.

ನೇನೊ ವಿಚಾರಣೆ ಅದರ ಮುಂದಿನ ವಾರವಿತ್ತು. ಅದೇ ದಿನ ಅಮೆರಿಕದ ಮಕ್ಕಳನ್ನು ಕೆಳಗಿನ ಪಟ್ಟಣದ ಕೋರ್ಟಿಗೆ ಕರೆದುಕೊಂಡು ಹೋಗುವುದೆಂದು ಅವರ ಮೇಷ್ಟ್ರು ಗೊತ್ತುಮಾಡಿದ್ದರು. ಸಣ್ಣ ಕೇಸು, ಮಧ್ಯಾಹ್ನದೊಳಗೆ ಮುಗಿಯುತ್ತದೆ, ಮಕ್ಕಳಿಗೆ ಅರ್ಥವಾಗುತ್ತದೆ ಎಂದು ಅವರು ಆರಿಸಿದ್ದು ನಮ್ಮದನ್ನೇ. ಬ್ರೆನ್ನಾ ಸಂಕೋಚದಿಂದ ಮುಖ ಕೆಂಪಾಗಿ ಬಂದು, ನಿಮಗೆ ಬೇಜಾರಾದರೆ ತಾನು ಬರುವುದಿಲ್ಲ ಅಂದಳು. ನನ್ನ ಗಂಡ ಏನು ಸರ್ಕಸ್ಸಿನ ಕರಡಿಯೇ ಎಂದು ನಾನು ರೇಗಿದೆ. ನೇನೊ ಬರಲಿ ಬಿಡು ಅಂದ. ಪರದೇಶದವರು ಕೂತಿದ್ದರೆ ಜಡ್ಜು ಕೂಗಾಡುವುದಿಲ್ಲ ಎಂದು ಅವನ ಲೆಕ್ಕ. ಆ ವಾರವೆಲ್ಲ ಅವನು ಹೊಟ್ಟೆ ತುಂಬ ಉಂಡ, ಚೆನ್ನಾಗಿ ನಿದ್ದೆ ಮಾಡಿದ. ತಪ್ಪು ಮಾಡದವನ ನೆಮ್ಮದಿ ಹೀಗಿರುತ್ತದೆ ಎಂದುಕೊಂಡೆ.

ನಮ್ಮ ವಕೀಲ ಬಾರ್ತೊಲಾಚ್ಚಿ ನನ್ನನ್ನು ಸಾಕ್ಷಿಯಾಗಿ ಹಾಕಿರಲಿಲ್ಲ. ನಿಮ್ಮ ಬಾಯಿ ಕೋರ್ಟಿಗೆ ಒಳ್ಳೆಯದಲ್ಲ ಎಂದು ಮುಖಕ್ಕೇ ಹೇಳಿದ್ದರು. ಹಾಗಾಗಿ ನಾನು ಜನ ಕೂರುವ ಬೆಂಚಿನಲ್ಲಿ, ಆ ಮಕ್ಕಳ ಸಾಲಿನ ತುದಿಯಲ್ಲಿ, ಬ್ರೆನ್ನಾ ಪಕ್ಕ ಕೂತೆ. ಅವರ ಮೇಷ್ಟ್ರು ಹಿಂದಿನ ಸಾಲಿನಿಂದ ಬಾಗಿ ಪಿಸುಗುಟ್ಟುತ್ತಾ ವಿವರಿಸುತ್ತಿದ್ದರು.

ಮೊದಲು ಸೆಸ್ತೀಲಿಯೊ ಕೋಲೂರಿಕೊಂಡು ಬಂದ. ಏನೂ ನೆನಪಿಲ್ಲ ಅಂದ. ನೇನೊ ತನ್ನನ್ನು ನೋಡಿದ್ದರೆ ಬಿಟ್ಟುಹೋಗುವವನಲ್ಲ ಅಂದ. ನಾನು ತಿರುಗಿ ಪಿಯೆರಿನಾಳನ್ನು ನೋಡಿದೆ, ಕೇಳಿಸಿಕೊಂಡೆಯಾ ಅನ್ನುವ ಹಾಗೆ. ಅವಳನ್ನು ಕರೆದಾಗ ಅವಳು ಅದೇ ಎರಡು ಕಾಲುಗಳ ಕಥೆ ಹೇಳಿದಳು. ಬಾರ್ತೊಲಾಚ್ಚಿ ಮಂಜಿನ ಬಗ್ಗೆ, ಅವಳ ಕನ್ನಡಕದ ಬಗ್ಗೆ ಕೇಳಿದರು. ಅವಳು ಒಂದಿಷ್ಟೂ ಅಲ್ಲಾಡಲಿಲ್ಲ.

ಆಮೇಲೆ ನೇನೊ ಕುರ್ಚಿಗೆ ಹೋಗಿ ಕೂತ. ಅಣ್ಣನ ಮಗನ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡಿದ್ದ. ಬ್ರೆನ್ನಾ ನನ್ನ ಮೊಣಕೈ ಮುಟ್ಟಿ, ನೋಡಿ, ಪ್ರಮಾಣ ಮಾಡಿಸಲಿಲ್ಲ ಎಂದು ಪಿಸುಗುಟ್ಟಿದಳು. ಪುಸ್ತಕದಲ್ಲಿದ್ದದ್ದು ಕಣ್ಣೆದುರು ನಡೆಯಿತೆಂದು ಅವಳಿಗೆ ಖುಷಿ.

ಸರ್ಕಾರಿ ವಕೀಲ ಚಿಕ್ಕ ವಯಸ್ಸಿನವನು, ನಿದ್ದೆಗಣ್ಣಿನವನು. ಗುಂಡಿಗೆ ಬಿತ್ತು ಅಂದುಕೊಂಡೆ ಅಂತೀರಿ, ಹಾಗಿದ್ದರೆ ಗಾಡಿ ನಿಲ್ಲಿಸಿದ್ದು ಯಾಕೆ ಎಂದು ಕೇಳಿದ. ನಿಲ್ಲಿಸಲಿಲ್ಲ ಅಂದ ನೇನೊ. ಹಾಗಾದರೆ ಪ್ರಮಾಣ ಮಾಡಿ ಹೇಳಿದ ಈ ಹೆಂಗಸು ಸುಳ್ಳು ಹೇಳಿದಳೇ, ಅವಳಿಗೆ ನಿಮ್ಮ ಮೇಲೆ ಏನು ಹಗೆ ಎಂದು ಅವನು ಮತ್ತೆ ಕೇಳಿದ. ನೇನೊ ಪಿಯೆರಿನಾಳನ್ನು ನೋಡಿದ, ಅಂಗೈಗಳನ್ನು ತೊಡೆಗೆ ಒರೆಸಿಕೊಂಡ. ಗಾಡಿ ನಿಂತಿತ್ತು ಅಂದ.

ಬಾರ್ತೊಲಾಚ್ಚಿ ತಲೆ ಎತ್ತಿದರು.

"ನಿಂತಿತ್ತು. ಆದ್ರೆ ಓಡಿಸ್ತಿದ್ದಿದ್ದು ನಾನಲ್ಲ. ನನ್ನ ಹೆಂಡ್ತಿ."

ನನಗೆ ಮೊದಲು ಅನ್ನಿಸಿದ್ದು ಇವನಿಗೆ ಇನ್ನೊಬ್ಬಳು ಹೆಂಡತಿ ಇದ್ದಾಳೆ ಎಂದು. ನಿಜವಾಗಿ ಹಾಗೇ ಅನ್ನಿಸಿತು. ಯಾರು ಅವಳು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವನು ನನ್ನ ಹೆಸರು ಹೇಳಿದ. ಅವತ್ತು ತನಗೆ ಬೆನ್ನು ನೋವಿತ್ತು, ಲೊರೆದಾನಾಳೇ ಸಿಲಿಂಡರ್ ಹಾಕಲು ಹೋಗಿದ್ದಳು ಅಂದ. ನನಗೆ ಗಾಡಿ ಓಡಿಸಲು ಬರುತ್ತದೆ, ಅವನ ಬೆನ್ನು ಹಿಡಿದುಕೊಂಡಾಗ ಹೋಗಿದ್ದೂ ಇದೆ, ಊರಿಗೆಲ್ಲ ಗೊತ್ತು. ಅವಳು ಮನೆಗೆ ಬಂದು ಎಲ್ಲ ಹೇಳಿದಳು, ಅವಳನ್ನು ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡೆ ಅಂದ ನೇನೊ.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಸರ್ಕಾರಿ ವಕೀಲನ ನಿದ್ದೆ ಹಾರಿಹೋಗಿತ್ತು. ಅವಳು ಏನೇನು ಹೇಳಿದಳು ಎಂದು ಕೇಳಿದ. ನೇನೊ ಹೇಳುತ್ತಾ ಹೋದ. ಲೊರೆದಾನಾ ಇಳಿದಳು. ಸೆಸ್ತೀಲಿಯೊ ಚರಂಡಿಯ ಕಡೆ ಮುಖ ಮಾಡಿ ಬಿದ್ದಿದ್ದ. ಒಂದು ಬೂಟು ಕಳಚಿ ರಸ್ತೆ ನಡುವೆ ನಿಂತಿತ್ತು, ಯಾರೋ ನೀಟಾಗಿ ಇಟ್ಟ ಹಾಗೆ. ತಲೆ ಎತ್ತಲು ಅವನಿಂದಾಗಲಿಲ್ಲ, ಕೈ ಮಾತ್ರ ಎತ್ತಿದ.

"ಹೀಗೆ" ಎಂದು ನೇನೊ ತನ್ನ ಬಲಗೈಯನ್ನು ಭುಜದ ಹಿಂದಕ್ಕೆ ಎತ್ತಿ ತೋರಿಸಿದ. ಬೆರಳು ಅಗಲಿಸಿದ್ದ. "ನಿಲ್ಲು ಅಂತಲೋ, ಎತ್ತು ಅಂತಲೋ ಗೊತ್ತಾಗ್ಲಿಲ್ಲ. ಹೆದರಿಕೆ ಆಯ್ತು. ಹತ್ತಿ ಹೊರಟುಬಿಟ್ಟೆ, ಹೊರಟುಬಿಟ್ಲು."

ಅವನು ತಿದ್ದಿಕೊಂಡದ್ದನ್ನು ಕೋರ್ಟಿನಲ್ಲಿ ಯಾರು ಗಮನಿಸಿದರೋ ಬಿಟ್ಟರೋ. ನಾನು ನೋಡುತ್ತಿದ್ದದ್ದು ಆ ಕೈಯನ್ನು.

ನಾನು ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ಗೊತ್ತಿಲ್ಲ. ಕೂಗಲು ಬಾಯಿ ತೆರೆದಿದ್ದೆ. ಜಡ್ಜು ಹೆಂಗಸು, ನನ್ನ ವಯಸ್ಸಿನವರು. ನೀವೇನಾ ಹೆಂಡತಿ ಎಂದು ಕೇಳಿದರು. ತಲೆಯಾಡಿಸಿದೆ. ಈಗ ಒಂದು ಮಾತನ್ನೂ ಆಡಬೇಡಿ, ಇದು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರು. ಹೆಂಡತಿಯಾದ್ದರಿಂದ ಸುಮ್ಮನಿರುವ ಹಕ್ಕು ನನಗಿದೆ, ಓಡಿಸಿದ್ದು ನಾನೇ ಆಗಿದ್ದರೆ ನನಗೇ ಬೇರೆ ವಕೀಲರು ಬೇಕು ಎಂದು ವಿವರಿಸಿದರು. ಬಾರ್ತೊಲಾಚ್ಚಿ ಬಿಡುವು ಕೇಳಿದರು. ಜಡ್ಜು ಕೊಟ್ಟರು.

ಹಿಂದಿನ ಸಾಲಿನಲ್ಲಿ ಮೇಷ್ಟ್ರು ಮಕ್ಕಳಿಗೆ ಏನೋ ಹೇಳಿದರು. ಬ್ರೆನ್ನಾಳ ಮುಖ ಸುಣ್ಣವಾಯಿತು.

ಹೊರಗೆ ಹಜಾರದಲ್ಲಿ ಬಾರ್ತೊಲಾಚ್ಚಿ ನೇನೊನ ಕೋಟಿನ ತೋಳು ಹಿಡಿದು ಗೋಡೆಗೆ ಒತ್ತಿ, ಈ ಉಪಾಯ ಯಾರು ಹೇಳಿಕೊಟ್ಟರು ಎಂದು ಕೇಳುತ್ತಿದ್ದರು. ನೇನೊ ಗಲ್ಲ ಎತ್ತಿ ಬ್ರೆನ್ನಾ ಕಡೆ ತೋರಿಸಿದ. ಹುಡುಗಿ ಅಲ್ಲೇ ನಿಂತಿದ್ದಳು, ಆರಡಿ ಎತ್ತರದವಳು ನಾಲ್ಕಡಿಯಾಗಿದ್ದಳು.

"ನಾನು ಅರ್ಧ ಹೇಳ್ಬಿಟ್ಟೆ ಅಮ್ಮಾವ್ರೇ. ತನ್ನ ಬಗ್ಗೆ ಸುಳ್ಳು ಹೇಳ್ಬಹುದು. ತಪ್ಪೇ ಮಾಡದೆ ಇರೋರ ಮೇಲೆ, ಗೊತ್ತಿದ್ದೂ ಗೊತ್ತಿದ್ದೂ ಹೊರಿಸಿದ್ರೆ ಅದು ಅಪರಾಧ. ದೊಡ್ಡ ಅಪರಾಧ. ಅದು ನಂಗೆ ಗೊತ್ತಾಗಿದ್ದು ಈಗ, ಒಳಗೆ ಕೂತಾಗ."

ನೇನೊ ಅವಳ ಮಾತು ಕೇಳಿಸಿಕೊಂಡ, ಆದರೆ ಅದು ಅವನ ತಲೆಗೆ ಹೋಗಲಿಲ್ಲ. ಅವನು ನನ್ನ ಕಡೆ ತಿರುಗಿ ಮಕ್ಕಳಿಗೆ ಹೇಳುವಂತೆ ಹೇಳಿದ. "ನೋಡು, ನಾನು ಸುಳ್ಳು ಹೇಳಿದ್ರೆ ನಂಗೇನೂ ಆಗಲ್ಲ. ನೀನು ಸುಮ್ನಿದ್ರೆ ನಿಂಗೇನೂ ಆಗಲ್ಲ. ಇಬ್ರಿಗೂ ಏನೂ ಇಲ್ಲ ಅಂದ್ಮೇಲೆ ಕೇಸೇ ಇಲ್ಲ. ಅಷ್ಟೇ ಕಣೇ."

ಒಂದು ವಾರ ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದ್ದು ಇದರಿಂದ. ಇಷ್ಟು ಯೋಚಿಸಿದವನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಕೂಗಾಡ್ತಿದ್ದೆ."

ಬಾರ್ತೊಲಾಚ್ಚಿ ನನ್ನನ್ನು ಪಕ್ಕಕ್ಕೆ ಕರೆದರು. ಇನ್ನೂ ದಾರಿ ಇದೆ ಎಂದರು. ನೇನೊ ಇನ್ನು ಮುಂದೆ ಉತ್ತರ ಹೇಳುವುದಿಲ್ಲ ಎನ್ನಲಿ, ನೀವು ಸುಮ್ಮನಿರುವ ಹಕ್ಕು ಬಳಸಿ. ಗಾಬರಿಯಾದ ಮನುಷ್ಯ ಏನೋ ಬಡಬಡಿಸಿದ ಎಂದು ನಾನು ವಾದಿಸುತ್ತೇನೆ. ಓಡಿಸಿದ್ದು ಇವನೋ ನೀವೋ ಅನ್ನುವ ಅನುಮಾನ ಉಳಿಯುತ್ತದೆ, ಅನುಮಾನ ಉಳಿದರೆ ಇವನು ಬಚಾವು ಎಂದರು. ನನ್ನ ಕಥೆ ಏನು ಎಂದು ಕೇಳಿದೆ. ನಿಮ್ಮ ಮೇಲೆ ಬೇರೆ ಕೇಸು ಹಾಕಬಹುದು, ಹಾಕದೆಯೂ ಇರಬಹುದು ಎಂದರು. ಒಳ್ಳೆಯ ವಕೀಲರು, ನೇನೊ ಪರವಾಗಿ ಅವರು ಹೇಳಬೇಕಾದದ್ದನ್ನೇ ಹೇಳಿದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ.

ನೇನೊ ಹತ್ತಿರ ಹೋದೆ. ಕೈ ಎತ್ತಿದ ಅಂದೆಯಲ್ಲ, ಅದು ಎಲ್ಲಿಂದ ಬಂತು ಎಂದು ಕೇಳಿದೆ. ಕಟ್ಟಿ ಹೇಳಿದೆ ಅಂದ. ಬೂಟು? ಅದೂ ಕಟ್ಟಿದ್ದೇ ಅಂದ. ಕಣ್ಣು ಮಾತ್ರ ನನ್ನ ಭುಜದ ಮೇಲಿಂದ ಆಚೆ ಎಲ್ಲೋ ನೋಡುತ್ತಿತ್ತು. ಇಷ್ಟು ವರ್ಷದಲ್ಲಿ ಬಾರಿನಿಂದ ತಡವಾಗಿ ಬಂದದ್ದಕ್ಕೆ ಒಂದು ನೆಪ ಕಟ್ಟಲು ಬಾರದ ಗಂಡಸು. ರಸ್ತೆ ನಡುವೆ ನೀಟಾಗಿ ನಿಂತ ಬೂಟನ್ನು ಇವನು ಕಟ್ಟುತ್ತಾನೆಯೇ?

ಕಿಟಕಿ ಕೆಳಗಿನ ಬೆಂಚಿನಲ್ಲಿ ಸೆಸ್ತೀಲಿಯೊ ಒಬ್ಬನೇ ಕೂತಿದ್ದ. ಕೋಲನ್ನು ಎರಡು ಮಂಡಿಗಳ ನಡುವೆ ಹಿಡಿದುಕೊಂಡಿದ್ದ. ನಾನು ಕರೆಯಲಿಲ್ಲ, ಅವನೇ ಬಾ ಎಂದು ಸನ್ನೆ ಮಾಡಿದ. ಅವನ ಮುಖ ನನ್ನ ಮುಖಕ್ಕಿಂತ ಕೆಟ್ಟಿತ್ತು.

"ಕೈ ಎತ್ತಿದ್ದು ನಾನು ಯಾರಿಗೂ ಹೇಳಿಲ್ಲ ಲೊರೆದಾನಾ. ಪಿಯೆರಿನಾಗೂ ಹೇಳಿಲ್ಲ. ಕಿಟಕಿಯಿಂದ ಅದು ಕಾಣಲ್ಲ, ಗೋಡೆ ಅಡ್ಡ ಇದೆ."

ಹಾಗಾದರೆ ಯಾರೋ ಇಳಿದು ಬಂದದ್ದು ನಿನಗೆ ಗೊತ್ತಿತ್ತು ಎಂದೆ. ಗೊತ್ತಿತ್ತು ಅಂದ. ಯಾರು ಎಂದೂ ಗೊತ್ತಿತ್ತಂತೆ. ನೇನೊ ಹತ್ತಿರ ಬಂದು ನಿಂತು ಮೂಗಿನಿಂದ ಉಸಿರೆಳೆದ ಸದ್ದು ಇಸ್ಪೀಟು ಕಲಸುವಾಗ ಎಳೆಯುವ ಸದ್ದೇ. ಮತ್ತೆ ಒಳಗೆ ಯಾಕೆ ಹಾಗೆ ಹೇಳಿದೆ ಎಂದು ನಾನು ದನಿ ಏರಿಸಿದೆ.

"ಅವನು ನನ್ನ ನೋಡಿದ್ದಾನೆ ಅಂತ ನಾನೇ ಹೇಳ್ಬಿಟ್ರೆ, ಆಮೇಲೆ ನೋಡಿದ್ದಾನೆ ಅಂತ ಆಗೋಗುತ್ತೆ. ಭಾನುವಾರ ಯಾರ ಎದುರಿಗೆ ಕೂತ್ಕೊಳ್ಲಿ ನಾನು?"

ನಾನು ಅಲ್ಲಿಂದ ಹೊರಟೆ. ಬ್ರೆನ್ನಾ ಹಿಂದೆಯೇ ಬಂದಳು. ಎಲ್ಲ ತನ್ನಿಂದಲೇ ಆಯಿತು ಎಂದು ಶುರುಮಾಡಿದಳು. ಅಳಬೇಡ, ಬಾಯಿ ಮುಚ್ಚಿಕೊಂಡು ಒಳಗೆ ಬಂದು ಕೂರು, ಕಲಿಯಲು ಬಂದವಳು ಕಲಿ ಎಂದೆ. ಹುಡುಗಿಗೆ ಅದು ಒರಟಾಗಿ ಕೇಳಿಸಿರಬೇಕು. ನನ್ನ ಹತ್ತಿರ ಅವತ್ತು ಬೇರೆ ಮಾತಿರಲಿಲ್ಲ.

ಮತ್ತೆ ಎಲ್ಲರೂ ಕೂತಾಗ ಜಡ್ಜು ನೇನೊಗೆ ವಿವರಿಸಿದರು. ನಿಮ್ಮ ಮೇಲಿನ ಆರೋಪಕ್ಕೆ ನೀವು ಏನು ಉತ್ತರ ಕೊಟ್ಟರೂ ನಡೆಯುತ್ತದೆ, ಇನ್ನೊಬ್ಬರ ತಲೆಗೆ ಕಟ್ಟಿದ್ದು ಸುಳ್ಳಾದರೆ ನಡೆಯುವುದಿಲ್ಲ, ಹೇಳಿದ್ದನ್ನು ಹೇಳಿದಂತೆಯೇ ಉಳಿಸುತ್ತೀರಾ ಎಂದು ಕೇಳಿದರು. ಅವನಿಗೆ ಒಂದು ಬಾಗಿಲು ತೆರೆದಿಟ್ಟರು, ನನಗೆ ಅದು ಕಂಡಿತು. ಅಲ್ಲ, ನಾನೇ, ಅನ್ನು ಎಂದು ಮನಸ್ಸಿನಲ್ಲೇ ಅವನನ್ನು ನೂಕಿದೆ. ನೇನೊ ಬಾರ್ತೊಲಾಚ್ಚಿ ಮುಖ ನೋಡಿದ. ಇನ್ನು ಉತ್ತರ ಹೇಳುವುದಿಲ್ಲ ಅಂದ.

ಆಗ ನನ್ನನ್ನು ಕರೆದರು. ಸುಮ್ಮನಿರುತ್ತೀರೋ, ಮಾತಾಡುತ್ತೀರೋ, ಮಾತಾಡುವುದಾದರೆ ಸತ್ಯವನ್ನೇ ಹೇಳಬೇಕು ಎಂದರು. ನಿಮ್ಮ ಮೇಲೆ ನೀವೇ ಹೊರೆ ಹೊತ್ತುಕೊಳ್ಳುವ ಹಾಗೆ ಕಂಡರೆ ನಾನೇ ತಡೆಯುತ್ತೇನೆ ಎಂದರು. ನೇನೊ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದ. ಸುಮ್ಮನಿರು, ಇಷ್ಟೇ ಅಲ್ಲವೇ, ಅನ್ನುವ ಹಾಗೆ. ಸುಮ್ಮನಿದ್ದರೆ ಸಾಕಿತ್ತು. ಅವನ ಗಾಡಿ ಉಳಿಯುತ್ತಿತ್ತು, ಗಂಡ ಮನೆಯಲ್ಲೇ ಇರುತ್ತಿದ್ದ, ಸೆಸ್ತೀಲಿಯೊ ಭಾನುವಾರ ಅವನೆದುರು ಕೂರುತ್ತಿದ್ದ. ನಾನು ಅವರಿಬ್ಬರಿಗೆ ಕಾಫಿ ತಂದಿಡುತ್ತಿದ್ದೆ.

ಮಾತಾಡುತ್ತೇನೆ ಎಂದೆ. ಸತ್ಯ ಹೇಳುತ್ತೇನೆಂದು ಅವರು ಓದಿಸಿದ್ದನ್ನು ಓದಿದೆ. ಆಮೇಲೆ ಒಂದೇ ಉಸಿರಿಗೆ, ಇಡೀ ಕೋಣೆಗೆ ಕೇಳುವಂತೆ ಹೇಳಿದೆ.

"ಅವತ್ತು ನಾನು ಗಾಡಿ ಮುಟ್ಟಿಲ್ಲ, ಮನೇಲಿ ಹಂದಿ ಮಾಂಸಕ್ಕೆ ಉಪ್ಪು ಹಾಕ್ತಿದ್ದೆ. ಅದೊಂದು ಬಿಟ್ಟು ಅವನು ಹೇಳಿದ್ದೆಲ್ಲ ನಿಜ. ನನ್ನ ಹೆಸರಿರೋ ಕಡೆ ಅವನ ಹೆಸರು ಹಾಕ್ಕೊಳಿ."

ಬಾರ್ತೊಲಾಚ್ಚಿ ಕಣ್ಣು ಮುಚ್ಚಿಕೊಂಡರು.

ನಾನು ಎದ್ದು ಹೋಗಲು ತಿರುಗಿದೆ. ಜಡ್ಜಿನ ಕೆಳಗೆ ಕೂತಿದ್ದ ಗುಮಾಸ್ತೆ ಕೈ ಎತ್ತಿ ತಡೆದಳು. ಮಾತು ಹಿಡಿದುಕೊಳ್ಳುವ ಯಂತ್ರವನ್ನು ಅವಳು ಬಿಡುವಿನ ನಂತರ ಇನ್ನೂ ಶುರುಮಾಡಿರಲಿಲ್ಲ. ಕ್ಷಮಿಸಿ, ಇನ್ನೊಂದು ಸಲ ಹೇಳಿ, ಮೈಕಿನ ಹತ್ತಿರ, ನಿಧಾನವಾಗಿ ಎಂದಳು.

ಮೊದಲ ಸಲ ಸಿಟ್ಟು ಹೇಳಿಸಿತ್ತು. ಆ ಸಿಟ್ಟು ಹೇಳಿ ಮುಗಿಸಿದ ಮೇಲೆ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಕೆಂಪು ದೀಪ ಹತ್ತಿತು. ನೇನೊ ಮದುವೆಯ ಕೋಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಹುಡುಗಿ ಹೇಳಿಕೊಟ್ಟ ಎರಡು ಹಕ್ಕುಗಳಲ್ಲಿ ತನ್ನದನ್ನು ತಾನು ಬಳಸಿದ್ದಾಯಿತು, ಇವಳು ತನ್ನದನ್ನು ಯಾಕೆ ಬಳಸಲಿಲ್ಲ ಎಂದು ಲೆಕ್ಕ ಹಾಕುತ್ತಿರುವವನ ಮುಖ.

ಮೈಕನ್ನು ಹತ್ತಿರ ಎಳೆದುಕೊಂಡೆ. ಒಂದೊಂದೇ ಮಾತಾಗಿ, ಅವನ ಹೆಸರನ್ನು ಪಾದ್ರಿ ಕರೆಯುವ ಹಾಗೆ ಪೂರ್ತಿಯಾಗಿ ಹೇಳಿ, ಎಲ್ಲವನ್ನೂ ಎರಡನೆಯ ಸಲ ಹೇಳಿದೆ.